ಆರಿದ್ರೆ ಮಳೆಯೂ ಆರದ ಲಂಗೋಟಿಯೂ

‘ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ’ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆರದೆ ಅಂದರೆ ಬಿಡದೆ ಎಂದಷ್ಟೇ ತಿಳಿದಿದ್ದೆ. ಆ ಮಾತಿಗೆ ಒದ್ದೆಬಟ್ಟೆಯ ಅರ್ಥವೂ ಇದೆಯೆಂದು ಹೊಳೆದದ್ದು ಅರವತ್ತೆರಡನೇ ವಯಸ್ಸಿನಲ್ಲಿ, ಬಚ್ಚಲುಮನೆಯ ಗಳದ ಮೇಲೆ ಮೂರು ದಿನದಿಂದ ನೇತಾಡುತ್ತಿದ್ದ ಇಪ್ಪತ್ತೆಂಟು ಲಂಗೋಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ನಿಂತಾಗ.

ಮಗಳು ಎರಡನೇ ಬಾಣಂತನಕ್ಕೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದದ್ದು ಜೂನ್ ತಿಂಗಳಲ್ಲಿ. ಆಗುಂಬೆ ನಮಗೆ ದೂರವಲ್ಲ. ಅಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಮಳೆ ಆ ಊರಿನ ಗಡಿ ನೋಡಿಕೊಂಡು ನಿಲ್ಲುವುದಿಲ್ಲ. “ಹೆರಿಗೆಗೆ ಬೇರೆ ತಿಂಗಳು ಸಿಗ್ಲಿಲ್ವಾ?” ಎಂದು ಎಂಬತ್ತಾರರ ನನ್ನಮ್ಮ ಅಳಿಯನನ್ನೇ ಕೇಳಿಬಿಟ್ಟಳು. ಅವನು ನೆಲ ನೋಡಿದ.

ಮನೆಯಲ್ಲಿ ಕೆಲಸದ ಪಾಲಾಯಿತು. ಮಗುವಿನ ಎಣ್ಣೆ-ನೀರು ಅಮ್ಮನ ಉಸ್ತುವಾರಿ, ಬಾಣಂತಿಯ ಅಡುಗೆ ಹೆಂಡತಿಯದು. ನನಗೆ ಉಳಿದದ್ದು ಬಚ್ಚಲು. “ರಿಟೈರಾಗಿ ಎರಡು ವರ್ಷ ಆಯ್ತಲ್ರೀ, ಒಗೀರಿ” ಎಂದಳು. ಅದು ಮೂವತ್ತೊಂದು ವರ್ಷದ ಹಳೇ ಬಾಕಿ. ಇದೇ ಮಗಳು ಹುಟ್ಟಿದಾಗ ನಾನು ಒಂದು ದಿನವೂ ಆ ಬಟ್ಟೆ ಮುಟ್ಟಿದವನಲ್ಲ. ಅಂಗಳದಲ್ಲಿ ಸಾಲಾಗಿ ಹರವಿದ ಬಿಳೀ ತುಂಡುಗಳ ಕೆಳಗೆ ತಲೆ ತಗ್ಗಿಸಿ ಹಾದು, ಹೈಸ್ಕೂಲಿಗೆ ಹೋಗಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ.

ಅಮ್ಮನ ಬಾಯಲ್ಲಿ ಅದು ಉಚ್ಚೆಬಟ್ಟೆ, ಮಗಳ ಬಾಯಲ್ಲಿ ನ್ಯಾಪಿ. ಯಾರ ಪಕ್ಷವೂ ಬೇಡವೆಂದು ನಾನು ಲಂಗೋಟಿ ಎಂದೆ. ಮೊದಲ ಎರಡು ದಿನದ ಡಾಂಬರಿನಂಥ ಕರಿಮಲವನ್ನು ಅಳಿಯ ಆಸ್ಪತ್ರೆಯಲ್ಲೇ ಎದುರಿಸಿ ಮುಗಿಸಿದ್ದ. ನನ್ನ ಕೈಗೆ ಬಂದದ್ದು ಅರೆದ ಸಾಸಿವೆಯಂತಿದ್ದ ಹಳದಿ, ದಿನಕ್ಕೆ ಹತ್ತು ಹನ್ನೆರಡು ಬಟ್ಟೆ.

ಬಟ್ಟೆಯ ವಿಷಯದಲ್ಲೇ ಮೊದಲ ಜಗಳ. ಅಮ್ಮ ಟ್ರಂಕಿನಿಂದ ಅಪ್ಪನ ಹಳೇ ಪಂಚೆಗಳನ್ನು ತೆಗೆಸಿದಳು. ನೂರಾರು ಒಗೆತ ಕಂಡ ಪಂಚೆಯಷ್ಟು ಮೆತ್ತಗಿನ ಬಟ್ಟೆ ಯಾವ ಅಂಗಡಿಯಲ್ಲೂ ಸಿಕ್ಕದು, ನಿಜ. ಆದರೆ ಟ್ರಂಕಿನ ಮುಚ್ಚಳ ಎತ್ತುತ್ತಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಮಗಳು ಮಗುವನ್ನೆತ್ತಿಕೊಂಡು ಆಚೆ ಕೋಣೆಗೆ ನಡೆದಳು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುವಿಗೆ ಆ ಗುಳಿಗೆಯ ನ್ಯಾಫ್ತಲೀನ್ ತಾಗಿದರೆ ಕೆಂಪು ರಕ್ತಕಣ ಒಡೆದು ಕಾಮಾಲೆ ವಿಪರೀತಕ್ಕೆ ಹೋಗಬಹುದು. ಕೊರತೆ ಇದೆಯೋ ಇಲ್ಲವೋ ಎಂದು ಮುಖ ನೋಡಿ ಹೇಳಲಾಗದು. “ನಿಮ್ಮನ್ನೆಲ್ಲ ಸಾಕಿದ್ದು ಇದರಲ್ಲೇ” ಎಂದು ಅಮ್ಮ ಮುನಿಸಿಕೊಂಡಳು. ಕೊನೆಗೆ ಹೆಂಡತಿ ದಿನಾ ಉಟ್ಟು ಸವೆಸಿದ್ದ ಎರಡು ವಾಯಿಲ್ ಸೀರೆ ಹರಿದೆವು. ಅದರ ಜೊತೆಗೆ ಮಗಳು ಬೆಂಗಳೂರಿಂದ ತಂದ ಗುಂಡಿಯ ನ್ಯಾಪಿಗಳು, ದೊಡ್ಡ ಮೊಮ್ಮಗನ ಕಾಲದವು, ಮೇಲೆಲ್ಲ ಆನೆಯ ಚಿತ್ರ. ಅವನ್ನು ನಮ್ಮ ಹಳ್ಳದ ನೀರಲ್ಲಿ ಬರಿದೆ ನೆನೆಸಿದರೆ ಸೋಪು ಹಾಕದೆಯೇ ನೊರೆ ಎದ್ದಿತು! ಬೋರ್‌ವೆಲ್ಲಿನ ಗಡುಸು ನೀರಿನಲ್ಲಿ ಸರಿಯಾಗಿ ಬಿಡದೆ ನೂಲಿನೊಳಗೆ ಕೂತಿದ್ದ ಹಳೇ ಸೋಪು. ನೀರು ಹೀರುತ್ತಿಲ್ಲ ಎಂದು ಮಗಳು ದೂರುತ್ತಿದ್ದದ್ದು ಇದಕ್ಕೇ. ನಾಲ್ಕು ಸಲ ಜಾಲಿಸಿದ ಮೇಲೆ ನೊರೆ ನಿಂತಿತು.

ಒಗೆಯುವ ವಿದ್ಯೆಯ ಮೊದಲ ದಿನವೇ ನಾನು ಫೇಲು. ಹಂಡೆಯಲ್ಲಿ ಮರಳುತ್ತಿದ್ದ ನೀರನ್ನು ಹಳದಿಯ ಮೇಲೆ ನೇರ ಸುರಿದೆ. ಕಲೆ ಗಟ್ಟಿಯಾಗಿ ಕಚ್ಚಿ ಕೂತಿತು. “ತಣ್ಣೀರು ಮೊದ್ಲು ಮಾರಾಯ! ಮೂವತ್ತು ವರ್ಷ ಮಕ್ಕಳಿಗೆ ಏನು ಹೇಳ್ಕೊಟ್ಟೆ ನೀನು?” ಎಂದಳು ಬಾಗಿಲಲ್ಲಿ ಸ್ಟೂಲು ಹಾಕಿ ಕೂತ ಅಮ್ಮ. ಹೇಳಿಕೊಟ್ಟಿದ್ದೆ. ಮೊಟ್ಟೆಯ ಬಿಳಿ ಕಾವಿಗೆ ಗಟ್ಟಿಯಾಗುವುದು ಅದರ ಪ್ರೋಟೀನಿನಿಂದ ಎಂದು ಬೋರ್ಡಿನ ಮೇಲೆ ಬರೆದೂ ತೋರಿಸಿದ್ದೆ. ಬಚ್ಚಲಲ್ಲಿ ಬೋರ್ಡಿರಲಿಲ್ಲ. ಆಮೇಲೆ ಕ್ರಮ ಕಲಿತೆ: ತಣ್ಣೀರಲ್ಲಿ ಜಾಲಿಸು, ಸೋಪು ಹಚ್ಚಿ ಉಜ್ಜು, ಹಂಡೆಯಲ್ಲಿ ಕುದಿಸು, ಮತ್ತೆ ನೀರು ತಿಳಿಯಾಗುವ ತನಕ ಜಾಲಿಸು. ಹೆಂಡತಿಗೆ ಡೆಟ್ಟಾಲ್ ವಾಸನೆ ಬಂದರೆ ಮಾತ್ರ ಶುದ್ಧ. ಕೊಳೆ ಇರುವ ತನಕ ಯಾವ ಆಂಟಿಸೆಪ್ಟಿಕ್ಕೂ ಅರ್ಧ ಶಕ್ತಿಯನ್ನು ಕೊಳೆಯ ಮೇಲೇ ಕಳೆದುಕೊಳ್ಳುತ್ತದೆ, ಕೊಳೆ ಹೋಗಿ ಕುದಿಸಿದ ಮೇಲೆ ಅದರ ಅಗತ್ಯವೇ ಇಲ್ಲ ಎಂದೆ. ಬಚ್ಚಲಲ್ಲಿ ನನ್ನ ಪಾಠ ಕೇಳುವವರಿಲ್ಲ. ಬಾವಿಗೆಂದು ತಂದಿಟ್ಟ ಬ್ಲೀಚಿಂಗ್ ಪೌಡರಿನ ಡಬ್ಬಿಗೂ ಒಮ್ಮೆ ಕೈ ಹಾಕಿದ್ದೆ. ರಾತ್ರಿಯ ಲಂಗೋಟಿಯಿಂದ ಏಳುವ ಘಾಟು ಅಮೋನಿಯದ್ದು, ಅದಕ್ಕೆ ಬ್ಲೀಚ್ ಸೇರಿದರೆ ಉಸಿರುಕಟ್ಟುವ ಅನಿಲ ಏಳುತ್ತದೆ ಎಂಬ ಒಂದು ಪಾಠ ಮಾತ್ರ ಸಮಯಕ್ಕೆ ನೆನಪಾಯಿತು.

ನೆನಪಾಗದ್ದೂ ಉಂಟು. ಕುದಿಸುವ ಉಮೇದಿನಲ್ಲಿ ಒಂದು ಆನೆಯ ನ್ಯಾಪಿಯ ಹೊರಪದರವನ್ನೂ ಹಂಡೆಗೆ ಹಾಕಿದೆ. ಬಟ್ಟೆಗೆ ಅಂಟಿದ್ದ ಪ್ಲಾಸ್ಟಿಕ್ ಪೊರೆ ಗುಳ್ಳೆ ಎದ್ದು ಬಿಟ್ಟುಕೊಂಡಿತು, ಎಲಾಸ್ಟಿಕ್ ಜೋಲುಬಿತ್ತು. “ಅಪ್ಪಾ, ಒಳಗೆ ಚೀಟಿ ಇತ್ತಲ್ಲ, ಓದ್ಲಿಲ್ವಾ?” ಎಂದಳು ಮಗಳು. ಚೀಟಿಯನ್ನೂ ಕುದಿಸಿದ್ದೆ.

ಇಷ್ಟಾದರೂ ಒಗೆಯುವುದು ದೊಡ್ಡದಲ್ಲ. ಒಂದು ಗಂಟೆ ಸೊಂಟ ಬಗ್ಗಿಸಿದರೆ ಮುಗಿಯಿತು. ಒಣಗಿಸುವುದಿದೆಯಲ್ಲ, ಅದು ಇಡೀ ದಿನದ ಉದ್ಯೋಗ. ಅದರಲ್ಲೂ ಅಮ್ಮನ ಕಟ್ಟಪ್ಪಣೆ: ಮಗುವಿನ ಬಟ್ಟೆ ಹಿಂಡಕೂಡದು, ಹಿಂಡಿದರೆ ಮಗು ಮೈ ಮುರಿಯುತ್ತದೆ. ಆರಿದ್ರೆ ಮಳೆಯಲ್ಲಿ ಹಿಂಡದ ಬಟ್ಟೆ! ಅಮ್ಮ ತೂಕಡಿಸುವುದನ್ನೇ ಕಾದು ಮುರಿಗೆ ಹಾಕಿ ಹಿಂಡಿದೆ. ಆ ರಾತ್ರಿ ಮಗು ಮುಖ ಕೆಂಪು ಮಾಡಿಕೊಂಡು ಉದ್ದಕ್ಕೆ ಮೈ ಮುರಿಯಿತು. “ಹಿಂಡಿದ್ಯಾ?” ಎಂದು ಕತ್ತಲೆಯಿಂದ ದನಿ ಬಂತು. ಎಲ್ಲ ಮಕ್ಕಳೂ ಮೈ ಮುರಿಯುತ್ತವೆ. ಆದರೂ ಇಲ್ಲ ಎಂದೆ.

ಬಚ್ಚಲ ಒಲೆಯ ಮೇಲಿನ ಗಳ, ಅಡುಗೆಮನೆಯ ಮೂಲೆಯ ಹಗ್ಗ, ಅಟ್ಟದಿಂದ ಇಳಿಸಿದ ಕೆಂಡದ ಇಸ್ತ್ರಿಪೆಟ್ಟಿಗೆ (ಕರೆಂಟು ಹೋಗಿ ಎರಡು ದಿನವಾಗಿತ್ತು), ಯಾವುದನ್ನೂ ಬಿಡಲಿಲ್ಲ. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಅಗ್ಗಿಷ್ಟಿಕೆ. ಕೆಂಡದ ಮೇಲೆ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಬಟ್ಟೆ ಹರವಿ, ರೊಟ್ಟಿ ಮಗುಚುವಂತೆ ಮಗುಚುತ್ತಿರಬೇಕು. ಎದ್ದು ಹೋದರೆ ಸೀಯುತ್ತದೆ, ಕೂತರೆ ಕಣ್ಣಲ್ಲಿ ಹೊಗೆ. ಆಗ ಗೊತ್ತಾಯಿತು ಸೀರೆ ತುಂಡಿನ ಮಹಿಮೆ. ಬಿಡಿಸಿದರೆ ಒಂದೇ ಪದರ, ಹತ್ತು ನಿಮಿಷಕ್ಕೆ ಬಾಡಿಸಿದ ಎಲೆಯಂತೆ ಹಗುರ. ಮಡಚಿದರೆ ಎಂಟು ಪದರ, ಉಚ್ಚೆ ಹೀರುವುದಕ್ಕೆ ಸಾಕು. ಆನೆಯ ನ್ಯಾಪಿಯ ಒಳಪಟ್ಟಿಯೋ ನಾಲ್ಕು ಪದರ ಸೇರಿಸಿ ಹೊಲಿದದ್ದು, ಹೊರಗೆ ಒಣಗಿದಂತೆ ತೋರಿ ಒಳಗೆ ತಣ್ಣಗೆ ಕೂತಿರುತ್ತದೆ. ಹೊಲಿಗೆ ಹಾಕದೆ ಬಿಟ್ಟ ನಮ್ಮ ಅಜ್ಜಿಯರು ಸೋಮಾರಿಗಳಲ್ಲ. ಅವರು ಮಳೆಗಾಲ ಕಂಡವರು.

ಹೀಗೆಲ್ಲ ಒಣಗಿದರೂ ಹಳದಿಯ ನೆರಳು ಮಾತ್ರ ಉಳಿಯುತ್ತಿತ್ತು. “ಅದು ಬಿಸಿಲಿಗೇ ಹೋಗೋದು” ಎಂದಳು ಅಮ್ಮ, ವಾದಕ್ಕೆ ಅವಕಾಶವೇ ಇಲ್ಲದಂತೆ. ಬುಟ್ಟಿಯ ಪಕ್ಕ ಕೂತು ಯೋಚಿಸಿದೆ. ಎಳೆಮಗುವಿನ ಮಲದ ಹಳದಿ ಬಹುಪಾಲು ಬಿಲಿರುಬಿನ್, ಕಾಮಾಲೆಯಲ್ಲಿ ಮೈಗೆ ಬರುವ ಹಳದಿಯೂ ಅದೇ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸಿನ ರೋಚ್‌ಫೋರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಎಂಬಾಕೆ ಶಿಶುಗಳನ್ನು ತೋಟದ ಬಿಸಿಲಿಗೆ ಕರೆದೊಯ್ಯುತ್ತಿದ್ದಳು. ಒಂದು ಮಗುವಿನ ಮೈಯೆಲ್ಲ ತಿಳಿಯಾಗಿ, ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನ ಮಾತ್ರ ಹಳದಿಯಾಗಿ ಉಳಿದಿತ್ತು. ಆಕೆ ಅದನ್ನು ವೈದ್ಯರಿಗೆ ತೋರಿಸಿದಳು. 1958ರಲ್ಲಿ ಅದರ ಲೇಖನ ಬಂತು, ಇವತ್ತು ಆಸ್ಪತ್ರೆಗಳಲ್ಲಿ ಕಾಮಾಲೆಯ ಶಿಶುಗಳನ್ನು ಮಲಗಿಸುವ ನೀಲಿ ದೀಪದ ಮೂಲ ಅಲ್ಲಿದೆ. ಆ ಸಿಸ್ಟರ್ ಮಗುವಿನ ಮೈಮೇಲೆ ಕಂಡದ್ದನ್ನು ನನ್ನಮ್ಮ ಅಂಗಳದ ಹಗ್ಗದ ಮೇಲೆ ಕಂಡಿದ್ದಳು. ಇದನ್ನು ಅಮ್ಮನಿಗೆ ಹೇಳಿದೆ. “ಅದಕ್ಕೆ ಇಂಗ್ಲೆಂಡಿಗೆ ಯಾಕೆ ಹೋಗ್ಬೇಕಿತ್ತು?” ಎಂದಳು.

ಪುಷ್ಯ ಮಳೆ ಹಿಡಿದ ನಾಲ್ಕನೇ ದಿನ, ಹನ್ನೊಂದರ ಸುಮಾರಿಗೆ, ಅಡಿಕೆಸೋಗೆಯ ಸಂದಿನಿಂದ ಬಿಸಿಲು ಬಿತ್ತು. ಹೆಂಡತಿ ಒಗ್ಗರಣೆ ಬಿಟ್ಟು ಓಡಿಬಂದಳು. ದೊಡ್ಡ ಮೊಮ್ಮಗ ತೋಳಿನ ತುಂಬ ಲಂಗೋಟಿ ಹೊತ್ತು ತಂದ. ಅಮ್ಮ ಕೋಲೂರಿಕೊಂಡು ಬಂದು ಯಾವುದು ಎಲ್ಲಿ ಎಂದು ಕೈ ತೋರಿಸಿದಳು. ಹಗ್ಗ ಸಾಲದೆ, ನಾನು ಬಿಸಿನೀರು ಸುರಿದು ಕೆಡಿಸಿದ್ದ ಆನೆಯದನ್ನು ದಾಸವಾಳದ ಗಿಡದ ಮೇಲೆ ಹರವಿದೆ. ಪಕ್ಕದಲ್ಲೇ ನಿಂತು ನೋಡಿದೆ. ಆನೆಯ ಕಿವಿಯ ಹಳದಿ ತೆಳುವಾಗುತ್ತಿದೆ ಎಂದೇ ಅನ್ನಿಸಿತು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಘಟ್ಟದ ಕಡೆ ಕಪ್ಪಾಯಿತು. “ಎತ್ತು, ಎತ್ತು!” ಎಂದು ಅಮ್ಮ ಕೂಗುವಷ್ಟರಲ್ಲಿ ದೊಡ್ಡ ಹನಿಗಳು.

ಒಳಗೆ ತಂದು ಎಣಿಸಿದರೆ ಇಪ್ಪತ್ತೇಳು. ಆನೆ ದಾಸವಾಳದ ಮೇಲೆ ನೆನೆಯುತ್ತಿತ್ತು. ಕೊಡೆ ತೆಗೆದುಕೊಳ್ಳಲು ಎದ್ದೆ.

“ಬಿಡು ಮಾರಾಯ,” ಎಂದಳು ಅಮ್ಮ, “ಅದೊಂದನ್ನು ಮಳೆಯೇ ಜಾಲಿಸ್ಲಿ.”