ಡಿಬಿಎಂಎಸ್ ಅಂದ್ರೆ ಕ್ವೆರಿ ಬರೆಯೋದಷ್ಟೇ ಅಲ್ಲ

ಈಆರ್ ಡಯಾಗ್ರಮ್ ಬಿಡಿಸು, ಟೇಬಲ್‌ನ ಥರ್ಡ್ ನಾರ್ಮಲ್ ಫಾರ್ಮ್‌ಗೆ ಒಡೆ, ಎರಡು ಜಾಯಿನ್ ಕ್ವೆರಿ (ಡೇಟಾಬೇಸಿಗೆ ಕೇಳೋ ಪ್ರಶ್ನೆ) ಬರೆ, ಲ್ಯಾಬ್ ರೆಕಾರ್ಡಿಗೆ ಸಹಿ ಹಾಕಿಸು. ಮುಗೀತು. ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ ಕಡೆಯ ಬಹಳಷ್ಟು ಇಂಜಿನಿಯರಿಂಗ್ ಹುಡುಗರಿಗೆ ಡಿಬಿಎಂಎಸ್, ಅಂದ್ರೆ ಡೇಟಾಬೇಸ್ ನಡೆಸೋ ಸಾಫ್ಟ್‌ವೇರಿನ ಪಾಠ, ಇಷ್ಟೇ. ಇದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಡೇಟಾ ಡಿಸ್ಕಿನಲ್ಲಿ ಹೇಗೆ ಕೂತಿರುತ್ತೆ, ಕರೆಂಟ್ ಹೋದರೂ ಹೇಗೆ ಉಳಿಯುತ್ತೆ ಅನ್ನೋದನ್ನ ಕಾಲೇಜಲ್ಲೇ ಕೋಡ್ ಬರೆಸಿ ಕಲಿಸಬೇಕು. ಒಂದು ಇಡೀ ಸೆಮಿಸ್ಟರ್ ಅದಕ್ಕೇ ಕೊಡಬೇಕು.

ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿ ಇದ್ದ ಹಾಗೆ) ಹಾಕಿದರೆ ಕ್ವೆರಿ ಫಾಸ್ಟ್ ಆಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಕೇಳಿ, ಮಾತು ಅಲ್ಲಿಗೇ ನಿಲ್ಲುತ್ತೆ. ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನಲ್ಲಿ ಒಂದು ಪೇಜ್, ಅಂದ್ರೆ ಡಿಸ್ಕಿನಿಂದ ಒಂದು ಸಲಕ್ಕೆ ಓದೋ ತುಂಡು, 8 ಕೆಬಿ. ಕೀ (ಯಾವುದನ್ನ ಹಿಡಿದು ಹುಡುಕುತ್ತೀವೋ ಅದು) 8 ಬೈಟಿನ ನಂಬರ್ ಆದರೆ, ಪಾಯಿಂಟರ್ (ವಿಳಾಸ), ಹೆಡರ್ ಎಲ್ಲ ಸೇರಿ ಒಂದು ಎಂಟ್ರಿಗೆ ಸುಮಾರು 20 ಬೈಟ್ ಬೇಕು. ಅಂದ್ರೆ ತುಂಬಿದ ಪೇಜಿನಲ್ಲಿ ಹತ್ತಿರ ಹತ್ತಿರ 400 ಎಂಟ್ರಿ. ಒಂದೊಂದು ಎಂಟ್ರಿಯೂ ಕೆಳಗಿನ ಹಂತದ ಒಂದೊಂದು ಪೇಜನ್ನ ತೋರಿಸುತ್ತೆ, ಹಾಗಾಗಿ ಎರಡು ಹಂತಕ್ಕೆ 1.6 ಲಕ್ಷ. ಮೂರನೇ ಹಂತಕ್ಕೆ 6.4 ಕೋಟಿ! 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅಷ್ಟೂ ಜನರಲ್ಲಿ ಒಬ್ಬರನ್ನ ಹುಡುಕೋಕೆ ಮೂರು ಇಂಡೆಕ್ಸ್ ಪೇಜ್, ಆಮೇಲೆ ಆ ರೋ (ಅವರ ಮಾಹಿತಿಯ ಸಾಲು) ಇರೋ ಪೇಜ್ ಒಂದು, ಇಷ್ಟು ಓದಿದರೆ ಸಾಕು. ಬೋಯಿಂಗ್ ಕಂಪನಿಯಲ್ಲಿದ್ದ ಬೇಯರ್ ಮತ್ತು ಮೆಕ್‌ಕ್ರೈಟ್ 1970ರ ಹೊತ್ತಿಗೆ ಕಂಡುಹಿಡಿದ ಬಿ-ಟ್ರೀ ಇದು, ಇವತ್ತಿಗೂ ಎಲ್ಲ ಕಡೆ ಇದರದ್ದೇ ಬಳಕೆ. ಈ ಲೆಕ್ಕವನ್ನ ಬೋರ್ಡ್ ಮೇಲೆ ಮಾಡಿ ತೋರಿಸೋಕೆ ಹತ್ತು ನಿಮಿಷ ಸಾಕಲ್ವಾ?

ನನಗೆ ಇನ್ನೂ ಜಾಸ್ತಿ ಇಷ್ಟವಾಗೋ ಭಾಗ ರಿಕವರಿ, ಅಂದ್ರೆ ಮಧ್ಯದಲ್ಲೇ ನಿಂತುಹೋದ ಡೇಟಾಬೇಸ್ ಮತ್ತೆ ಸರಿಯಾದ ಸ್ಥಿತಿಗೆ ಬರೋದು. ವಿದ್ಯಾನಗರದಲ್ಲಿರೋ ನಮ್ಮ ಆಫೀಸಿಗೆ ಶನಿವಾರ ಸಂಜೆ ಕೆಲವು ಹುಡುಗರು, ಹುಡುಗಿಯರು ಕಲಿಯೋಕೆ ಬರುತ್ತಾರೆ. ಅವರ ಕೈಲಿ ಮೊದಲು ಮಾಡಿಸೋದೇ ಇದು. ಒಂದು ಖಾತೆಯಿಂದ ಇನ್ನೊಂದಕ್ಕೆ ದುಡ್ಡು ವರ್ಗ ಮಾಡಿ ಕಮಿಟ್ ಮಾಡಬೇಕು, ಅಂದ್ರೆ ಇದು ಖಾಯಂ ಅಂತ ಡೇಟಾಬೇಸಿಗೆ ಹೇಳಬೇಕು. ಆಮೇಲೆ ಎರಡನೇ ವರ್ಗಾವಣೆ ಶುರು ಮಾಡಿ, ದುಡ್ಡು ಕಳೆದಿದೆ, ಇನ್ನೂ ಕೂಡಿಲ್ಲ ಅನ್ನೋ ಹೊತ್ತಿಗೆ ಸರ್ವರ್ ಪ್ರೋಸೆಸ್‌ಗಳನ್ನ ಕಿಲ್ ಮಾಡಬೇಕು. ಮತ್ತೆ ಸ್ಟಾರ್ಟ್ ಮಾಡಿದರೆ ಸರ್ವರ್ ಬರೆಯೋ ಸಂದೇಶಗಳಲ್ಲಿ ಬರುತ್ತೆ: ಸರಿಯಾಗಿ ಬಂದ್ ಆಗಿರಲಿಲ್ಲ, ರಿಕವರಿ ನಡೆದಿದೆ ಅಂತ. ಬ್ಯಾಲೆನ್ಸ್ ನೋಡಿದರೆ ಮೊದಲನೇ ವರ್ಗಾವಣೆ ಹಾಗೇ ಇರುತ್ತೆ, ಎರಡನೆಯದರ ಗುರುತೇ ಇರಲ್ಲ. ಗದಗಿನ ಒಬ್ಬ ಹುಡುಗಿ "ಸರ್, ಇದಕ್ಕ ಹೆಂಗ ಗೊತ್ತಾತ್ರೀ?" ಅಂತ ಕೇಳಿದಳು. ಆ ಪ್ರಶ್ನೆ ಬಂದ ಮೇಲೆ ಪಾಠ ತಾನೇ ಮುಂದೆ ಹೋಗುತ್ತೆ.

ಉತ್ತರ ನಮ್ಮ ಎಪಿಎಂಸಿಯ ದಲಾಲಿ ಅಂಗಡಿಯವರಿಗೆ ಮೊದಲಿಂದ ಗೊತ್ತಿರೋದೇ. ವ್ಯವಹಾರ ಆದ ಕೂಡಲೇ ಕಿರ್ದಿಯಲ್ಲಿ ಬರೆಯಬೇಕು, ಖತಾವಣಿಗೆ ನಿಧಾನಕ್ಕೆ ಏರಿಸಿದರೂ ನಡೆಯುತ್ತೆ. ಡೇಟಾಬೇಸಿನ ಲಾಗ್ ಅಂದ್ರೆ ಆ ಕಿರ್ದಿ. ಅದರಲ್ಲಿ ಕಮಿಟ್ ಅಂತ ದಾಖಲಾದ ವರ್ಗಾವಣೆ ಉಳಿಯುತ್ತೆ, ಆಗದೇ ಇದ್ದದ್ದು ಉಳಿಯಲ್ಲ. ಬದಲಾದ ಪೇಜ್ ಡಿಸ್ಕಿಗೆ ಹೋಗೋ ಮುಂಚೆ ಅದರ ಲಾಗ್ ಡಿಸ್ಕಿಗೆ ಹೋಗಿರಲೇಬೇಕು. ಇಲ್ಲೇ ಇನ್ನೊಂದು ವಿಷಯ ಕಲಿಸಬೇಕು. ಪ್ರೋಗ್ರಾಂನಲ್ಲಿ ರೈಟ್ ಅಂದ ಮಾತ್ರಕ್ಕೆ ಅದು ಡಿಸ್ಕಿಗೆ ಹೋಯ್ತು ಅಂತಲ್ಲ. ಆಪರೇಟಿಂಗ್ ಸಿಸ್ಟಂ ಅದನ್ನ ಮೆಮೊರಿಯಲ್ಲೇ ಇಟ್ಟುಕೊಂಡಿರಬಹುದು, ಡಿಸ್ಕಿಗೆ ಈಗಲೇ ಬರಿ ಅಂತ ಹೇಳೋ ಎಫ್‌ಸಿಂಕ್ ಕರೆದರೇನೇ ಭರವಸೆ. ಪ್ರೋಸೆಸ್ ಕಿಲ್ ಮಾಡೋದಕ್ಕೂ ಪ್ಲಗ್ ಕೀಳೋದಕ್ಕೂ ಇರೋ ವ್ಯತ್ಯಾಸ ಇದೇ. ಐಐಟಿ ಮದ್ರಾಸಿನಲ್ಲಿ ಓದಿದ ಸಿ. ಮೋಹನ್ ಐಬಿಎಂನಲ್ಲಿದ್ದಾಗ ಜೊತೆಗಾರರ ಸಂಗಡ 1992ರಲ್ಲಿ ಪ್ರಕಟಿಸಿದ ಏರೀಸ್ ರಿಕವರಿ ವಿಧಾನವನ್ನ ಜಗತ್ತೇ ಓದುತ್ತೆ. ನಮ್ಮ ಹುಡುಗರೂ ಅವರ ಹೆಸರು ಕೇಳಿರಬೇಕು ಅಂತ ನನ್ನ ಆಸೆ.

"ಕ್ಯಾಂಪಸ್ಸಿಗೆ ಬರೋ ಕಂಪನಿಯವರು ಇದನ್ನೆಲ್ಲ ಕೇಳಲ್ಲ ಸರ್" ಅನ್ನೋ ಮಾತು ಬಂದೇ ಬರುತ್ತೆ. ಇರಬಹುದು. ಆದರೆ ಕೆಲಸಕ್ಕೆ ಸೇರಿದ ಮೇಲೆ ಪ್ರೊಡಕ್ಷನ್‌ನಲ್ಲಿ ಕ್ವೆರಿ ನಿಂತುಬಿಟ್ಟಾಗ, ಡೆಡ್‌ಲಾಕ್ (ಎರಡು ಕೆಲಸ ಒಂದಕ್ಕೊಂದು ಕಾಯುತ್ತಾ ನಿಂತುಬಿಡೋದು) ಬಂದಾಗ, ಡಿಸ್ಕ್ ತುಂಬಿದಾಗ ಎಲ್ಲಿ ನೋಡಬೇಕು ಅಂತ ಒಳಗಿನ ರಚನೆ ಗೊತ್ತಿದ್ದವರಿಗೇ ಹೊಳೆಯೋದು. ಇದು ನಮ್ಮ ಮಟ್ಟದ್ದಲ್ಲ ಅನ್ನೋ ಹಿಂಜರಿಕೆಯನ್ನಂತೂ ನಾನು ಒಪ್ಪೋದೇ ಇಲ್ಲ. ಪೋಸ್ಟ್‌ಗ್ರೆಸ್ ಹುಟ್ಟಿದ್ದೇ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮುಂದಾಳತ್ವದಲ್ಲಿ ಶುರುವಾಯ್ತು, ಕೋಡ್ ಬರೆದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಅದರ ಸೋರ್ಸ್ ಕೋಡ್ ಇವತ್ತು ಯಾರು ಬೇಕಾದರೂ ತೆಗೆದು ಓದಬಹುದು. ಅಮೆರಿಕದ ಕಾರ್ನೆಗಿ ಮೆಲನ್‌ನಲ್ಲಿ ಆಂಡಿ ಪಾವ್ಲೊ ಮಾಡಿರೋ ಡೇಟಾಬೇಸ್ ಪಾಠಗಳು ಯೂಟ್ಯೂಬಿನಲ್ಲಿ ಬಿಟ್ಟಿ ಸಿಗುತ್ತವೆ. ಅವರ ಬಸ್‌ಟಬ್ ಅನ್ನೋ ಕಲಿಕೆಯ ಡೇಟಾಬೇಸ್‌ನ ಕೋಡ್ ಕೂಡ ಗಿಟ್‌ಹಬ್‌ನಲ್ಲಿದೆ. ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಆಯ್ತು.

ಲೆಕ್ಚರರ್‌ಗಳಿಗೆ ಒಂದು ವಿನಂತಿ. ಇದನ್ನ ಪರೀಕ್ಷೆಗೆ ಬಾಯಿಪಾಠ ಮಾಡಿಸಬೇಡಿ. ಮೊದಲು ಬಫರ್ ಪೂಲ್ (ಪೇಜ್‌ಗಳನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳೋ ಭಾಗ) ಬರೆಸಿ, ಆಮೇಲೆ ಬಿ-ಟ್ರೀಯದ್ದೇ ಒಂದು ರೂಪವಾದ ಬಿ-ಪ್ಲಸ್ ಟ್ರೀಯಲ್ಲಿ ಇನ್ಸರ್ಟ್ ಮತ್ತು ಪೇಜ್ ಒಡೆಯೋದು, ಕೊನೆಗೆ ಲಾಗ್. ಡಿಲೀಟ್ ಮಾಡಿ ಪೇಜ್ ಕೂಡಿಸೋ ಭಾಗ ಬಹಳ ಸಮಯ ತಿನ್ನುತ್ತೆ, ಮೊದಲ ವರ್ಷ ಅದನ್ನ ಬಿಟ್ಟರೂ ಪರವಾಗಿಲ್ಲ. ಯಾವುದಾದರೂ ಕಾಲೇಜಿನವರು ಶುರು ಮಾಡೋದಾದರೆ ಹೇಳಿ, ಲ್ಯಾಬಿಗೆ ಬಂದು ಕೂರೋಕೆ ನಾನು ತಯಾರಿದ್ದೇನೆ.