ಲೆಕ್ಸಿಂಗ್ಟನ್‌ನ ಗುಟ್ಟು ನೆಲದಡಿಯಲ್ಲಿದೆ

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ಗೆ ‘ಜಗತ್ತಿನ ಕುದುರೆ ರಾಜಧಾನಿ’ ಎಂಬ ಹೆಸರು ಬಂದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಸುಣ್ಣದಕಲ್ಲಿನ ಮಾತೇ ಬಿಟ್ಟುಹೋಗಿದೆ. ಅಲ್ಲಿನ ನೆಲದಡಿ ಇರುವುದೇ ಅದು. ನೀರು, ಹುಲ್ಲು ಎರಡರಲ್ಲೂ ಕ್ಯಾಲ್ಸಿಯಂ ಜಾಸ್ತಿ. ಕುದುರೆಮರಿಗಳ ಮೂಳೆ ಗಟ್ಟಿಯಾಗುವುದು ಅದರಿಂದಲೇ ಎಂದು ಸಾಕುವವರು ನಂಬುತ್ತಾರೆ. (ಬರ್ಬನ್ ವಿಸ್ಕಿಗೂ ಅದೇ ನೀರೇ ಬೇಕಂತೆ!)

ಇನ್ನೊಂದು ವಿಷಯ. ಥರೋಬ್ರೆಡ್ ಎಂಬ ರೇಸ್ ಕುದುರೆ ತಳಿಯಲ್ಲಿ ಕೃತಕ ಗರ್ಭಧಾರಣೆ ಮಾಡಿದರೆ ಮರಿಯ ನೋಂದಣಿಯೇ ಆಗುವುದಿಲ್ಲ. ಹೆಣ್ಣು ಕುದುರೆಯನ್ನು ಗಾಡಿಯಲ್ಲಿ ಗಂಡಿನ ಫಾರ್ಮಿಗೇ ಕರೆದೊಯ್ಯಬೇಕು. ಫಾರ್ಮುಗಳೆಲ್ಲ ಒಂದೇ ಊರಿನ ಸುತ್ತ ಇದ್ದರೆ ಅನುಕೂಲ, ಅಲ್ವಾ?

1936ರಲ್ಲಿ ಶುರುವಾದ ಅಲ್ಲಿನ ಕೀನ್‌ಲ್ಯಾಂಡ್ ರೇಸ್‌ಕೋರ್ಸಿನಲ್ಲಿ 1997ರವರೆಗೆ ಮೈಕಿನಲ್ಲಿ ಓಟದ ವಿವರಣೆಯೇ ಇರಲಿಲ್ಲ. ಬರೀ ಗೊರಸಿನ ಸದ್ದು, ಜನರ ಕೂಗು. ಅದನ್ನು ಕೇಳಿದವರ ಮೇಲೆ ನನಗೆ ಹೊಟ್ಟೆಕಿಚ್ಚು.