ಸತ್ಯಾಂಶ: ಮೈವಾಸನೆ ನೋಡಿ 3 ನಿಮಿಷದಲ್ಲಿ ಪಾರ್ಕಿನ್ಸನ್ ಪತ್ತೆ?

"ಮೈವಾಸನೆಯಿಂದಲೇ 3 ನಿಮಿಷದಲ್ಲಿ ಪಾರ್ಕಿನ್ಸನ್ ಹಿಡಿಯುವ ಯಂತ್ರ ಬಂದಿದೆ, ಆಸ್ಪತ್ರೆಗಳು ಮುಚ್ಚಿಟ್ಟಿವೆ" ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಪಾರ್ಕಿನ್ಸನ್ ಅಂದರೆ ಕೈನಡುಕ, ಮೈಬಿಗಿತ ತರುವ ನರರೋಗ. ಮೆಸೇಜ್ ಅರ್ಧ ನಿಜ, ಅರ್ಧ ತಪ್ಪು.

ನಿಜವಾದ ಭಾಗ ನಿಜಕ್ಕೂ ಬೆರಗಿನದು. ಸ್ಕಾಟ್ಲೆಂಡಿನ ಜಾಯ್ ಮಿಲ್ನ್ ಎಂಬ ನರ್ಸ್, ಗಂಡನ ಮೈವಾಸನೆ ಬದಲಾಗಿದ್ದನ್ನು ಕಾಯಿಲೆ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಗಮನಿಸಿದ್ದರು. ಎಡಿನ್‌ಬರ್ಗ್‌ನ ಸಂಶೋಧಕರು ಅವರಿಗೆ 12 ಜನ ತೊಟ್ಟ ಟೀ ಶರ್ಟ್ ಮೂಸಲು ಕೊಟ್ಟರು. ಅದರಲ್ಲಿ 6 ರೋಗಿಗಳದ್ದು. ಆರನ್ನೂ ಸರಿಯಾಗಿ ಗುರುತಿಸಿ, ಆರೋಗ್ಯವಂತರೊಬ್ಬರ ಶರ್ಟನ್ನೂ ರೋಗಿಯದ್ದು ಎಂದರು. ತಪ್ಪಾಯ್ತು ಅಂದುಕೊಂಡರು ಎಲ್ಲರೂ. ಕೆಲವೇ ತಿಂಗಳಲ್ಲಿ ಆ ವ್ಯಕ್ತಿಗೂ ಪಾರ್ಕಿನ್ಸನ್ ಇರುವುದು ಗೊತ್ತಾಯಿತು!

ಮುಂದೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪರ್ಡಿಟಾ ಬ್ಯಾರನ್ ತಂಡ, ಬೆನ್ನಿನ ಮೇಲಿನ ಎಣ್ಣೆಯಂಥ ಜಿಡ್ಡನ್ನು ಹತ್ತಿಕಡ್ಡಿಯಿಂದ ಒರೆಸಿ ಪರೀಕ್ಷಿಸಿತು. 2022ರ ಅಧ್ಯಯನದಲ್ಲಿ 79 ರೋಗಿಗಳು, 71 ಆರೋಗ್ಯವಂತರು ಇದ್ದರು; ಇಬ್ಬರ ಜಿಡ್ಡಿನ ರಾಸಾಯನಿಕಗಳಲ್ಲಿ ವ್ಯತ್ಯಾಸ ಕಂಡಿತು. ಆ "3 ನಿಮಿಷ" ಬಂದಿದ್ದು ಇಲ್ಲಿಂದಲೇ. ಆದರೆ ಅದು ಪ್ರಯೋಗಾಲಯದ ದೊಡ್ಡ ಮಾಸ್ ಸ್ಪೆಕ್ಟ್ರೋಮೀಟರ್‌ನ (ರಾಸಾಯನಿಕಗಳನ್ನು ಗುರುತಿಸುವ ಉಪಕರಣ) ಮಾತು. ಮೂಸಿ ಹೇಳುವ ಪುಟ್ಟ ಯಂತ್ರ ಅಲ್ಲವೇ ಅಲ್ಲ.

ಮುಚ್ಚಿಟ್ಟಿದ್ದೂ ಸುಳ್ಳು. ಪಾರ್ಕಿನ್ಸನ್ಸ್ ಯುಕೆ ಮತ್ತು ಮೈಕೆಲ್ ಜೆ. ಫಾಕ್ಸ್ ಫೌಂಡೇಶನ್ ಎಂಬ ದತ್ತಿ ಸಂಸ್ಥೆಗಳು ಈ ಸಂಶೋಧನೆಗೆ ಬಹಿರಂಗವಾಗಿಯೇ ಹಣ ಕೊಟ್ಟಿವೆ. ಫಲಿತಾಂಶವೂ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾಗಿದೆ. 150 ಜನರಲ್ಲಿ ಕಂಡದ್ದು ಎಲ್ಲರಲ್ಲೂ ನಿಜವೇ ಎಂದು ನೋಡಲು ಇನ್ನೂ ದೊಡ್ಡ ಅಧ್ಯಯನ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ ಅಲ್ವಾ?

ಮನೆಯಲ್ಲಿ ಹಿರಿಯರಿಗೆ ಕೈನಡುಕ, ನಿಧಾನ ನಡಿಗೆ, ಮೈಬಿಗಿತ ಕಂಡರೆ ಯಂತ್ರಕ್ಕಾಗಿ ಸುಮ್ನೆ ಕಾಯಬೇಡಿ. ನರರೋಗ ತಜ್ಞರು ಇವನ್ನೇ ಪರೀಕ್ಷಿಸಿ ಕಾಯಿಲೆ ಗುರುತಿಸುತ್ತಾರೆ.